ಒಂಬತ್ತು ಬೇಡಿಕೆ, ಏಳು ಹೆಸರು

೧೯೮೧ನೇ ಇಸವಿ ಆಗಸ್ಟ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮಾತುಕತೆ ಶುರುವಾಯಿತು. ಹಾಗೆಂದು ನನ್ನ ದಿನಚರಿಯಲ್ಲಿ ಬರೆದುಕೊಂಡದ್ದು ತಲೆಯ ಮೇಲೆ ಕುರ್ಚಿಗಳನ್ನು ಎಳೆದ ಸದ್ದು ಕೇಳಿ. ಮಾತುಕತೆ ನಡೆದದ್ದು ಮಹಡಿಯಲ್ಲಿ. ನಾನು ಕೆಳಗಿದ್ದೆ.

ಅರಸೀಕೆರೆ ರೈಲು ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮ ಪಾರ್ಸಲ್ ಕಂಪನಿ. ಕೆಳಗಡೆ ಗೋಡೌನು, ಮರದ ಮೆಟ್ಟಿಲು ಹತ್ತಿದರೆ ಮೇಲೆ ಒಂದೇ ಕೋಣೆ. ದೂರದ ಊರುಗಳಿಂದ ಬಂದ ಬಟ್ಟೆಯ ಬೇಲು, ಔಷಧಿ ಪೆಟ್ಟಿಗೆ, ಸೈಕಲ್ ಸಾಮಾನು ಎಲ್ಲ ಇಲ್ಲಿ ಇಳಿಯುತ್ತಿದ್ದವು. ಇಲ್ಲಿಂದ ನಮ್ಮ ಲಾರಿಯಲ್ಲಿ ಜಾವಗಲ್, ಹಳೇಬೀಡು, ಬೇಲೂರಿಗೆ ಹೋಗುತ್ತಿದ್ದವು. ಲಾರಿ ವಾಪಸು ಬರುವಾಗ ಕೊಬ್ಬರಿ ಮೂಟೆ ತರುತ್ತಿತ್ತು. ಆದ್ದರಿಂದ ಗೋಡೌನಿಗೂ ನಮ್ಮೆಲ್ಲರ ಅಂಗಿಗಳಿಗೂ ಕೊಬ್ಬರಿಯ ವಾಸನೆ.

ಅಲ್ಲಿ ನಾನು ಬುಕಿಂಗ್ ಗುಮಾಸ್ತ. ವಯಸ್ಸು ಇಪ್ಪತ್ತನಾಲ್ಕು. ಸೇರಿ ನಾಲ್ಕು ವರ್ಷ ದಾಟಿದ್ದರೂ ಹಂಗಾಮಿ. ಆರು ತಿಂಗಳಿಗೊಮ್ಮೆ ನಮ್ಮಂಥವರನ್ನು ಹತ್ತು ದಿನ ಮನೆಗೆ ಕಳಿಸಿ, ಹನ್ನೊಂದನೆಯ ದಿನ ಹೊಸಬರೆಂದು ಸೇರಿಸಿಕೊಳ್ಳುತ್ತಿದ್ದರು. ಕಾಗದದ ಮೇಲೆ ನಾವು ಯಾವತ್ತೂ ಆರು ತಿಂಗಳ ಕೂಸುಗಳು. ಇದಕ್ಕೆ ಬ್ರೇಕ್ ಎಂದು ಹೆಸರು. ಬ್ರೇಕಿನ ದಿನಗಳಲ್ಲಿ ಅಮ್ಮ ಬೀದಿಯವರಿಗೆಲ್ಲ, "ರಜ ಹಾಕವ್ನೆ, ಮೈಗೆ ಸರಿ ಇಲ್ಲ" ಎನ್ನುತ್ತಿದ್ದಳು. ಮನೆಯಲ್ಲಿ ಕೂತರೆ ಯಾರಾದರೂ ಯೋಗಕ್ಷೇಮ ವಿಚಾರಿಸಲು ಬಂದುಬಿಡುತ್ತಾರೆಂದು ನಾನು ಬೆಳಿಗ್ಗೆಯೇ ಸೈಕಲ್ ಹತ್ತಿ ಮಾಲೇಕಲ್ಲಿಗೆ ಹೋಗಿ, ದೇವಸ್ಥಾನದ ಬೆಟ್ಟದ ಮೆಟ್ಟಿಲ ಮೇಲೆ ನೆರಳು ಹುಡುಕಿ ಕೂರುತ್ತಿದ್ದೆ. ದಿನವೂ ಅಲ್ಲಿ ಹೂವು ಮಾರುವ ಹೆಂಗಸಿಗೆ ನಾನು ಮಹಾ ಭಕ್ತನೆಂದು ನಂಬಿಕೆ ಬಂದಿತ್ತು. "ಏನ್ ಹರಕೆ ಸಾಮಿ ನಿಮ್ದು? ವರ್ಸಕ್ಕೆರಡ್ ಕಿತ ಬತ್ತೀರಿ, ಹತ್ತ್ ದಿನ ಬಿಡದಂಗೆ" ಎಂದು ಒಮ್ಮೆ ಕೇಳಿದಳು. ಅಷ್ಟರಲ್ಲಿ ಎಂಟು ಬ್ರೇಕು ಮುಗಿದಿದ್ದವು. ಒಂಬತ್ತನೆಯದು ಅಕ್ಟೋಬರಿನಲ್ಲಿ ಕಾದಿತ್ತು.

ಆ ವರ್ಷ ನಮ್ಮ ಕಾರ್ಮಿಕ ಸಂಘದ ಜೊತೆ ಕಂಪನಿ ಒಪ್ಪಂದಕ್ಕೆ ಕೂರಲು ಒಪ್ಪಿತು. ಅರಸೀಕೆರೆಯಿಂದ ಬೇಲೂರಿನವರೆಗಿನ ಹಮಾಲಿಗಳು, ಡ್ರೈವರುಗಳು, ಗುಮಾಸ್ತರು ಎಲ್ಲರಿಗೂ ಒಂದೇ ಒಪ್ಪಂದ. ಬೇಡಿಕೆಗಳ ಪಟ್ಟಿಯನ್ನು ಬರೆದವನು ನಾನು. ಎರಡು ತಿಂಗಳು ಭಾನುವಾರ ಭಾನುವಾರ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ, ಮೂವತ್ತೊಂದು ದೂರುಗಳನ್ನು ಒಂಬತ್ತು ಬೇಡಿಕೆಗಳಾಗಿ ಇಳಿಸಿದೆ. ಅವುಗಳನ್ನು ಮಹತ್ವದ ಪ್ರಕಾರ ಜೋಡಿಸಿದೆ. ಮೊದಲನೆಯದು: ಬ್ರೇಕ್ ಪದ್ಧತಿ ನಿಲ್ಲಬೇಕು, ಏಳು ಮಂದಿ ಹಂಗಾಮಿಗಳೂ ಖಾಯಂ ಆಗಬೇಕು. ಕೊನೆಯದು: ಮಳೆಗಾಲದಲ್ಲಿ ಹಮಾಲಿಗಳಿಗೆ ಹೊದೆಯಲು ಟಾರ್ಪಾಲಿನ ತುಂಡು. ಏಳು ಹೆಸರುಗಳ ಒಂದು ಹಾಳೆಯನ್ನೂ ಲಗತ್ತಿಸಿದೆ. ಸೇರಿದ ತಾರೀಖಿನ ಕ್ರಮದಲ್ಲಿ ಎಲ್ಲರಿಗಿಂತ ಹಿರಿಯ ಹಂಗಾಮಿ ನಾನೇ, ಹಾಗಾಗಿ ನನ್ನ ಹೆಸರು ಎಲ್ಲಕ್ಕಿಂತ ಮೇಲೆ. ನನ್ನ ಕೆಳಗೆ ಪಾರ್ಸಲ್ ತೂಗುವ ತೂಕದವನು, ಆಮೇಲೆ ರಾತ್ರಿ ಕಾವಲುಗಾರ, ಅವರ ಕೆಳಗೆ ನಾಲ್ವರು ಹೊಸ ಹಮಾಲಿಗಳು.

ಇಷ್ಟೆಲ್ಲ ಮಾಡಿದವನು ಮಾತುಕತೆಯ ಮೇಜಿನ ಮುಂದೆ ಕೂರುತ್ತಾನೆಂದು ನಾನು ಅಂದುಕೊಂಡದ್ದರಲ್ಲಿ ತಪ್ಪೇನಿದೆ? ಕೂರುವ ದಿನಕ್ಕೆಂದು ಅಂಗಿಯೊಂದನ್ನು ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದೆ.

ಜುಲೈ ಕೊನೆಯಲ್ಲಿ ಕಂಪನಿಯಿಂದ ಉತ್ತರ ಬಂತು. ಸಂಘದ ಕಡೆಯಿಂದ ಮೂವರು ಬರಬಹುದು, ಮೂವರೂ ಖಾಯಂ ನೌಕರರಾಗಿರಬೇಕು.

ಸಂಘದ ಅಧ್ಯಕ್ಷರು ಹಿರಿಯ ಹಮಾಲಿ. ಅರವತ್ತರ ಹತ್ತಿರದ ಮನುಷ್ಯ, ಎಲ್ಲರೂ ಯಜಮಾನ್ರು ಎನ್ನುತ್ತಿದ್ದೆವು. ಅವರಿಗೆ ಓದು ಬರುತ್ತಿರಲಿಲ್ಲ. ಎರಡನೆಯವನು ಬೇಲೂರು ಲಾರಿಯ ಡ್ರೈವರು. ಅವನಿಗೆ ಓದು ಬರುತ್ತಿತ್ತು, ಕೂತಲ್ಲಿ ನಿದ್ದೆಯೂ ಬರುತ್ತಿತ್ತು. ಹಾಗಾದರೆ ಮೂರನೆಯವನು ಯಾರು? ಗೋಡೌನಿನಲ್ಲಿ ಮೂಟೆಗಳ ಮೇಲೆ ಸಭೆ ಕೂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಡ್ರೈವರು ಹೇಳಿದ, "ಇನ್ಯಾರು? ನಮ್ ಹಳೇಬೀಡಿನೋನು."

ಎಲ್ಲರೂ "ಹೂಂ ಮತ್ತೆ" ಎಂದರು. ಹನ್ನೊಂದು ಮಂದಿ ಕೈ ಎತ್ತಿದರು. ನಾನು ಎತ್ತಲಿಲ್ಲ. ಅದು ಎಲ್ಲರಿಗೂ ಕಂಡಿತು.

ಹಳೇಬೀಡಿನವನ ವಿಷಯ ಹೇಳಬೇಕು. ನನಗಿಂತ ಒಂದು ವರ್ಷ ಚಿಕ್ಕವನು, ಹಳೇಬೀಡು ಶಾಖೆಯಲ್ಲಿ ಲಾರಿ ಇಳಿಸಿಕೊಂಡು ಅಂಗಡಿಗಳಿಗೆ ಪಾರ್ಸಲ್ ತಲುಪಿಸುವ ಕೆಲಸ. ಮನೆ ಬಸ್ತಿಹಳ್ಳಿಯಲ್ಲಿ, ಬಸದಿಗಳ ಹತ್ತಿರ. ತಂದೆಗೆ ಸಣ್ಣ ದಿನಸಿ ಅಂಗಡಿ. ಅವನ ಸೋದರಮಾವನ ಕಟ್ಟಡದಲ್ಲೇ ನಮ್ಮ ಶಾಖೆ ಬಾಡಿಗೆಗಿತ್ತು. ಆದ್ದರಿಂದ ಅವನು ಸೇರಿದ ದಿನದಿಂದಲೇ ಖಾಯಂ. ಅದಕ್ಕಾಗಿ ಅವನನ್ನು ಯಾರೂ ಹಂಗಿಸುತ್ತಿರಲಿಲ್ಲ. ಅವನನ್ನು ಯಾವುದಕ್ಕೂ ಹಂಗಿಸುತ್ತಿರಲಿಲ್ಲ ಎಂಬುದೇ ನನ್ನ ಸಂಕಟ. ತಿಂಗಳಿಗೆರಡು ಸಲ ಲೆಕ್ಕ ಒಪ್ಪಿಸಲು ಅರಸೀಕೆರೆಗೆ ಬಂದರೆ ಗೋಡೌನಿನ ಮೂಲೆಮೂಲೆಯಿಂದ "ಬಂದ್ಯೇನಪ್ಪಾ" ಎಂಬ ದನಿ ಏಳುತ್ತಿತ್ತು. ನಾನು ದಿನವೂ ಬರುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಜೈನರ ಮನೆಯ ಪದ್ಧತಿಯಂತೆ ಅವನು ಹೊತ್ತು ಮುಳುಗುವ ಮುಂಚೆಯೇ ಊಟ ಮುಗಿಸಬೇಕಿತ್ತು. ಅವನಿಗಾಗಿ ಸಂಘದ ಸಂಜೆ ಸಭೆಯನ್ನು ಮಧ್ಯಾಹ್ನಕ್ಕೆ ತಂದರು. ನನ್ನ ಅಮ್ಮ ಸೋಮವಾರ ಒಪ್ಪೊತ್ತು ಇರುತ್ತಾಳೆ, ಬೇಗ ಹೋಗಬೇಕು ಎಂದು ನಾನು ಎರಡು ವರ್ಷದಿಂದ ಹೇಳುತ್ತಿದ್ದರೂ ಸೋಮವಾರದ ಸಭೆ ಕದಲಿರಲಿಲ್ಲ. ಅಮ್ಮನೂ ಅಷ್ಟೆ. ಒಂದು ಸಲ ಅವನು ಬಸ್ಸು ತಪ್ಪಿ ನಮ್ಮ ಮನೆಗೆ ಬಂದ. ಸಂಜೆ ಐದೂವರೆಗೇ ಅವನಿಗೆ ಈರುಳ್ಳಿ ಇಲ್ಲದ ಸಾರು ಮಾಡಿ ಬಡಿಸಿ, ನನಗೆ ಎಂಟು ಗಂಟೆಗೆ ಅದನ್ನೇ ಬಿಸಿ ಮಾಡಿ ಹಾಕಿದಳು. ಆಮೇಲೆ ಆ ತಿಂಗಳೆಲ್ಲ, "ಆ ಹುಡ್ಗ ಎಷ್ಟ್ ಚೆನ್ನಾಗ್ ಮಾತಾಡ್ತದೆ, ನೀನೂ ಒಸಿ ನಗ್ತಾ ಇದ್ರೆ ಏನಾಯ್ತದೆ?" ಎಂಬ ಮಾತು. ದಿನಚರಿಯಲ್ಲಿ ಗೀಟು ಹಾಕುತ್ತಾ ಹೋದೆ. ತಿಂಗಳ ಕೊನೆಗೆ ಒಂಬತ್ತು ಗೀಟು.

ಈಗ ಲೋಡಿಂಗ್ ಪಟ್ಟಿಯ ವಿಷಯ. ಲಾರಿಗೆ ಸಾಮಾನು ಹೇರುವಾಗ ದೂರದ ಊರಿನದು ಮೊದಲು, ಹತ್ತಿರದ ಊರಿನದು ಕೊನೆಗೆ. ಬೇಲೂರಿನ ಸಾಮಾನು ಒಳಗೆ, ಹಳೇಬೀಡಿನದು ನಡುವೆ, ಜಾವಗಲ್ಲಿನದು ಹಿಂಬಾಗಿಲ ಬಳಿ. ಹೇರಿದ ಕ್ರಮದಲ್ಲೇ ನಾನು ಪಟ್ಟಿ ಬರೆಯುತ್ತಿದ್ದೆ. ಇಳಿಸಿಕೊಳ್ಳುವವರಿಗೆ ಅದು ತಲೆಕೆಳಗು. ಕೊನೆಗೆ ಹೇರಿದ್ದು ಮೊದಲು ಇಳಿಯುತ್ತದೆ. ಹಾಗಾಗಿ ದಾರಿಯ ಶಾಖೆಗಳಲ್ಲಿ ಎಲ್ಲರೂ ಪಟ್ಟಿಯ ಬುಡಕ್ಕೆ ಹೆಬ್ಬೆರಳಿಟ್ಟು ಒಂದೊಂದೇ ಸಾಲು ಮೇಲಕ್ಕೆ ಏರುತ್ತಾ ಗುರುತು ಹಾಕುತ್ತಿದ್ದರು. ಹಳೇಬೀಡಿನವನು ಆರು ವರ್ಷ ದಿನಬೆಳಗಾದರೆ ಅದನ್ನೇ ಮಾಡಿದವನು. ಆ ಪೈಕಿ ನಾಲ್ಕು ವರ್ಷದ ಪಟ್ಟಿಗಳು ನನ್ನ ಕೈಬರಹದವು.

ಮಾತುಕತೆಯ ದಿನ ಬಂತು. ಕರಡುಗಳನ್ನು ಬೆರಳಚ್ಚು ಮಾಡಲು ಒಬ್ಬರು ಬೇಕೆಂದು ಮೆಟ್ಟಿಲ ಬುಡದಲ್ಲಿ ನನಗೆ ಒಂದು ಮೇಜು ಹಾಕಿದರು. ಇಸ್ತ್ರಿ ಅಂಗಿಯನ್ನೇ ಹಾಕಿಕೊಂಡು ಹೋಗಿದ್ದೆ. ಹಳೇಬೀಡಿನವನು ಮೊದಲ ಬಸ್ಸಿಗೆ ಬಂದಿದ್ದ, ದಿನವೂ ಹಾಕುವ ಅದೇ ನೀಲಿ ಅಂಗಿ, ಕಾಲರಿನ ಹತ್ತಿರ ಹೊಲಿಗೆ ಬಿಚ್ಚಿತ್ತು. ನನ್ನನ್ನು ನೋಡಿ, "ಗುಮಾಸ್ತ್ರೇ, ನೀವೇ ಮದುವೆ ಗಂಡಿನ ಥರಾ ಇದೀರಲ್ರೀ" ಎಂದ. ಹಮಾಲಿಗಳೆಲ್ಲ ನಕ್ಕರು. ಬೇಡಿಕೆ ಪಟ್ಟಿಯನ್ನು ಅವನ ಕೈಗೆ ಕೊಟ್ಟು, ಮೊದಲನೆಯದನ್ನು ಬಿಡಲೇಬೇಡಿ ಎಂದೆ.

"ಅದನ್ನ ಬಿಟ್ರೆ ನಿಮ್ಮ ತಾಯಿ ಮುಂದೆ ಹೆಂಗ್ರೀ ಮುಖ ತೋರ್ಸಲಿ?" ಎಂದು ನಗುತ್ತಾ ಮೆಟ್ಟಿಲು ಹತ್ತಿದ.

ಹನ್ನೊಂದೂಕಾಲಿಗೆ ಮೇಲಿನಿಂದ ದೊಡ್ಡ ನಗು ಕೇಳಿಸಿತು. ಕೇಂದ್ರ ಕಚೇರಿಯಿಂದ ಬಂದಿದ್ದ ಮ್ಯಾನೇಜರು ನಗುತ್ತಿದ್ದರು. ನಾಲ್ಕು ವರ್ಷದಲ್ಲಿ ಆ ಮನುಷ್ಯ ನಮ್ಮಲ್ಲಿಗೆ ಆರು ಸಲ ಬಂದಿದ್ದರು, ನಾನು ಒಂದು ಸಲವೂ ಅವರ ಹಲ್ಲು ನೋಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಡ್ರೈವರು ಎಲೆಅಡಿಕೆ ಉಗಿಯಲು ಕೆಳಗಿಳಿದು ಬಂದ.

"ಏನ್ಲಾ, ನಿನ್ ಪಟ್ಟಿನ ಬುಡದಿಂದ ಹಿಡ್ದವ್ನೆ ನಮ್ಮೋನು!" ಎಂದ.

"ಬುಡದಿಂದ ಅಂದ್ರೆ?"

"ಮೊದ್ಲು ಟಾರ್ಪಾಲು ಕೇಳ್ದ. ಇಷ್ಟೇನಾ ಅಂತ ಮ್ಯಾನೇಜ್ರು ಹೂಂ ಅಂದ್ರು. ಆಮೇಲೆ ಕುಡಿಯೋ ನೀರಿನ ಹಂಡೆ. ಅದ್ಕೂ ಹೂಂ. ಆಮೇಲೆ ಭಾರದ ಮೂಟೆಗೆ ಇಬ್ರು ಆಳು. ಅದೂ ಆಯ್ತು. ಮೇಲಕ್ ಹತ್ತಾ ಅವ್ನೆ, ಹೂಂ ಅನ್ನೋದ್ನ ರೂಢಿ ಮಾಡಿಸ್ಬಿಟ್ಟವ್ನೆ ಕಣ್ಲಾ ಅವ್ರಿಗೆ!"

ನಾನು ಎರಡು ತಿಂಗಳು ಯೋಚಿಸಿ ಜೋಡಿಸಿದ ಕ್ರಮ ಅದು. ದೊಡ್ಡದನ್ನು ಮೊದಲು ಇಟ್ಟು, ಅದು ಆಗದಿದ್ದರೆ ಉಳಿದದ್ದರಲ್ಲಿ ಬಿಗಿಹಿಡಿಯಬೇಕು ಎಂಬ ಲೆಕ್ಕ. ಅವನು ಅದನ್ನು ಲೋಡಿಂಗ್ ಪಟ್ಟಿಯಂತೆ ಬುಡದಿಂದ ಓದುತ್ತಿದ್ದ, ಅದೂ ಗೆಲ್ಲುತ್ತಿತ್ತು. ಗೋಡೌನಿನಲ್ಲಿದ್ದವರಿಗೆಲ್ಲ ಡ್ರೈವರು ಅದನ್ನೇ ಮತ್ತೆ ಮತ್ತೆ ಹೇಳಿದ. "ಎಂಥ ತಲೆ!" ಎಂದು ಒಬ್ಬ. "ಹುಟ್ಟಿದ್ರೆ ಹಂಗ್ ಹುಟ್ಬೇಕು" ಎಂದು ಇನ್ನೊಬ್ಬ. ನಾನು ತಡೆಯಲಾರದೆ, "ಅದು ತಲೆ ಅಲ್ಲ, ಕೈ ರೂಢಿ. ಅವನಿಗೆ ಪಟ್ಟಿ ಓದೋಕೆ ಬರೋದೇ ಹಾಗೆ" ಎಂದೆ. ತೂಕದವನು ನನ್ನ ಭುಜ ತಟ್ಟಿ, "ಒಂದ್ ಲೋಟ ಮಜ್ಜಿಗೆ ಕುಡಿರಿ, ತಣ್ಣಗಾಗ್ತೀರ" ಎಂದ.

ಒಪ್ಪಿದ ಒಂದೊಂದು ಬೇಡಿಕೆಯನ್ನೂ ಮ್ಯಾನೇಜರು ತಮ್ಮ ಕೈಯಲ್ಲೇ ಬರೆದು, ಎರಡೂ ಕಡೆಯವರು ರುಜು ಹಾಕಿ ಕೆಳಗೆ ಕಳಿಸುತ್ತಿದ್ದರು. ನಾನು ಬೆರಳಚ್ಚು ಮಾಡುತ್ತಿದ್ದೆ. ಊಟದ ಹೊತ್ತಿಗೆ ಆರು ಬಂದಿದ್ದವು. ಮೂರೂವರೆಗೆ ಎಂಟು. ಮೇಲಿನ ಪ್ರತಿ ನಗುವಿಗೂ ನನ್ನ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತಿತ್ತು. ಆದರೂ ಒಂದು ಮಾತು ನಿಜ. ಉಳಿದದ್ದು ಇನ್ನು ಒಂದೇ, ಅದು ನನ್ನದು. ಅವನು ಗೆಲ್ಲಲಿ ಎಂದು ಆ ಹೊತ್ತಿನಲ್ಲಿ ಮನಸಾರೆ ಬೇಡಿಕೊಂಡೆ, ಹಾಗೆ ಬೇಡಿಕೊಳ್ಳಬೇಕಾಯಿತಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಹಾಳೆ ಬಂತು. ಡ್ರೈವರೇ ತಂದ. ಕಣ್ಣು ಕೆಂಪಗಿತ್ತು, ಆಗಷ್ಟೇ ಎದ್ದವನ ಹಾಗೆ.

"ಒಂದ್ನೇದೂ ಆಯ್ತು ಕಣ್ಲಾ. ಏಳೂ ಜನಕ್ಕೆ ಆಗಲ್ಲ ಅಂದ್ರು, ನಾಕಕ್ಕೆ ಒಪ್ಪವ್ರೆ. ಮಿಕ್ಕೋರ್ಗೆ ಮುಂದಿನ ಒಪ್ಪಂದ."

ನಾಲ್ಕು ಎಂದರೆ ನಾನು, ತೂಕದವನು, ಕಾವಲುಗಾರ, ಮತ್ತೆ ಮೊದಲ ಹಮಾಲಿ. ಹಾಳೆಯನ್ನು ರೋಲರಿಗೆ ಸಿಕ್ಕಿಸುವ ಮುಂಚೆ ಓದಿದೆ. ಮ್ಯಾನೇಜರ ಕೈಬರಹದಲ್ಲಿ ನಾಲ್ಕು ಹೆಸರುಗಳಿದ್ದವು. ಎಲ್ಲಕ್ಕಿಂತ ಮೊದಲು ಎಲ್ಲರಿಗಿಂತ ಹೊಸಬನ ಹೆಸರು. ಆಮೇಲೆ ಅವನಿಗಿಂತ ಹಿಂದೆ ಸೇರಿದವನದು. ನಾಲ್ಕೂ ಹಮಾಲಿಗಳ ಹೆಸರು. ನನ್ನ ಪಟ್ಟಿಯ ಬುಡದಿಂದ ನಾಲ್ಕು ಸಾಲು ಮೇಲಕ್ಕೆ ಬಂದು ನಿಂತಿತ್ತು. ತೂಕದವನು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. ಆಮೇಲೆ ತನ್ನ ತಕ್ಕಡಿಯ ಹತ್ತಿರ ಹೋಗಿ ಕೂತುಬಿಟ್ಟ.

ನಾನು ಮೆಟ್ಟಿಲು ಹತ್ತಿದೆ. ಅಂದು ಮೊದಲ ಸಲ ಆ ಕೋಣೆಯೊಳಗೆ ಹೋದದ್ದು. ಫ್ಯಾನು ತಿರುಗುತ್ತಿತ್ತು, ತಟ್ಟೆಗಳಲ್ಲಿ ಉಪ್ಪಿಟ್ಟಿನ ಚೂರು. ಮ್ಯಾನೇಜರು ಕೈಗಡಿಯಾರ ನೋಡುತ್ತಿದ್ದರು, ಅವರಿಗೆ ರೈಲಿತ್ತು. ಅವರ ಜೊತೆ ಬಂದಿದ್ದವರೊಬ್ಬರು ಕಿಟಕಿಯ ಪಕ್ಕ ಕೂತಿದ್ದರು. ಹಳೇಬೀಡಿನವನು ಊಟದ ಡಬ್ಬಿ ಬಿಚ್ಚುತ್ತಿದ್ದ. ಎಲ್ಲರೂ ಹಬ್ಬದ ಮಾರನೆಯ ದಿನದವರಂತೆ ಒರಗಿ ಕೂತಿದ್ದರು.

"ಈ ಹೆಸರುಗಳು ತಲೆಕೆಳಗಾಗಿವೆ" ಎಂದೆ. "ಹಿರಿಯರು ಮೇಲಿದ್ದಾರೆ. ಇವರು ಬುಡದಿಂದ ಓದಿದ್ದಾರೆ."

ನನ್ನ ಹಿಂದೆಯೇ ಹತ್ತಿ ಬಂದಿದ್ದ ಡ್ರೈವರು ನಕ್ಕ. "ಬಂತಪ್ಪಾ, ಹೊಟ್ಟೆಉರಿ ಮೆಟ್ಲು ಹತ್ಕೊಂಡು!"

ಯಜಮಾನ್ರು ನಗಲಿಲ್ಲ, ಆದರೆ ಅವರ ಮಾತು ಅದಕ್ಕಿಂತ ಕೆಟ್ಟದಾಗಿತ್ತು. "ಬಿಡಪ್ಪಾ. ಅವ್ನ್ನ ಆರಿಸ್ದಾಗ್ಲಿಂದ ನಿಂದು ಇದೇ ಆಯ್ತು. ಇವತ್ತೊಂದಿನ ಆದ್ರೂ ಒಳ್ಳೇ ಮಾತಾಡು" ಎಂದರು.

ನನ್ನ ದೂರು ನ್ಯಾಯವಾದದ್ದು. ತಾರೀಖುಗಳು ಹಾಳೆಯ ಮೇಲೇ ಇದ್ದವು. ಆದರೆ ಹದಿನೈದು ದಿನದಿಂದ ಅವನ ಬಗ್ಗೆ ನಾನು ಆಡಿದ ಮಾತುಗಳೆಲ್ಲ ನನಗಿಂತ ಮುಂಚೆ ಆ ಕೋಣೆಗೆ ಹೋಗಿ ಕೂತಿದ್ದವು. ಹೊಟ್ಟೆಕಿಚ್ಚಿನವನ ಬಾಯಲ್ಲಿ ಸತ್ಯವೂ ಚಾಡಿಯಂತೆ ಕೇಳಿಸುತ್ತದೆ.

ಹಳೇಬೀಡಿನವನು ಡಬ್ಬಿ ಕೆಳಗಿಟ್ಟು ಪಟ್ಟಿಯನ್ನು ಎಳೆದುಕೊಂಡ. ಅವನ ಹೆಬ್ಬೆರಳು ತಾನಾಗಿ ಬುಡಕ್ಕೆ ಹೋಯಿತು, ಅಲ್ಲೇ ನಿಂತಿತು. ಮುಖ ಸಪ್ಪಗಾಯಿತು.

"ಅಯ್ಯೋ, ಹೌದು ಕಣ್ರೀ" ಎಂದ. "ಮ್ಯಾನೇಜರ್ ಸಾಹೇಬ್ರು ನಾಲ್ಕು ಹೆಸರು ಹೇಳಿ ಅಂದ್ರು. ನಾನು ಹೇಳ್ತಾ ಹೋದೆ. ಲಾರಿ ಇಳಿಸ್ದಂಗೆ ಹೇಳ್ಬಿಟ್ಟೆ. ಸಾರ್, ಇದನ್ನ ಬದಲಾಯಿಸ್ಬೇಕು. ತಪ್ಪು ನಂದು."

ಮ್ಯಾನೇಜರು ಚಷ್ಮಾ ತೆಗೆದು ಒರೆಸಿದರು. "ರುಜು ಆಗಿದೆ ಅಲ್ವಾ? ಹೆಸರು ಹೇಳಿದ್ದು ನೀವೇ, ನಾವಲ್ಲ. ಬಿಚ್ಚೋಣ ಅಂದ್ರೆ ಬಿಚ್ಚೋಣ. ಆದ್ರೆ ಒಂದನ್ನ ಬಿಚ್ಚಿದ್ರೆ ಒಂಬತ್ತನ್ನೂ ಬಿಚ್ಚಬೇಕಾಗುತ್ತೆ. ನಾನು ಮತ್ತೆ ಬರೋದು ಯಾವಾಗಲೋ."

"ಬಿಚ್ಚಿ ಸಾರ್" ಎಂದ ಅವನು. ಒಂದು ಗಳಿಗೆಯೂ ಯೋಚಿಸಲಿಲ್ಲ. "ಒಂಬತ್ತನ್ನೂ ಬಿಚ್ಚಿ. ಮತ್ತೆ ಕೂರೋಣ. ಇವರಿಲ್ಲದೆ ಈ ಪಟ್ಟಿನೇ ಇಲ್ಲ."

"ಏಯ್!" ಎಂದರು ಯಜಮಾನ್ರು. "ಬೆಳಗ್ಗಿಂದ ದುಡ್ದಿದ್ದೆಲ್ಲ ನೀರಿಗ್ ಹಾಕ್ತೀಯೇನೋ? ಕೆಳಗೆ ಹುಡುಗ್ರು ಕಾಯ್ತಾ ಅವ್ರೆ." ಆಮೇಲೆ ನನ್ನ ಕಡೆ ತಿರುಗಿದರು. ದನಿ ಮೆತ್ತಗಾಗಿತ್ತು. "ನೀನೇ ಹೇಳಪ್ಪಾ. ನಿನ್ಗ್ ಬೇಕು ಅಂದ್ರೆ ಬಿಚ್ಚಿಸ್ತೀನಿ. ನಿನ್ ಬಾಯ್ನಾಗೆ ಬರ್ಲಿ."

ಐದು ಜೊತೆ ಕಣ್ಣು ನನ್ನ ಮೇಲೆ. ನನ್ನ ಖಾಯಂ ನೌಕರಿ ಆ ಹೊತ್ತಿಗೆ ನನ್ನ ನಾಲಿಗೆಯ ಮೇಲಿತ್ತು. ಬಿಚ್ಚಿ ಎಂದಿದ್ದರೆ ಅಕ್ಟೋಬರಿನ ಬ್ರೇಕು ತಪ್ಪುತ್ತಿತ್ತೋ ಏನೋ. ಅಮ್ಮ ಬೀದಿಯವರಿಗೆ ಸುಳ್ಳು ಹೇಳುವುದು ತಪ್ಪುತ್ತಿತ್ತು. ಆದರೆ ನನಗೆ ಕಂಡದ್ದು ಅದಾವುದೂ ಅಲ್ಲ. ಮೇಜಿನ ಆಚೆ ನಿಂತ ಅವನ ಮುಖ. ನನಗಾಗಿ ಎಲ್ಲವನ್ನೂ ಪಣಕ್ಕಿಡಲು ಸಿದ್ಧನಾದ ಮುಖ, ಕಣ್ಣಲ್ಲಿ ನೀರು ಬೇರೆ. ನಾಳೆ ನಾನು ಖಾಯಂ ಆದರೆ ಎಲ್ಲರೂ ಏನನ್ನುತ್ತಾರೆ? ಹಳೇಬೀಡಿನವನು ಮಾಡಿಸಿದ ಎನ್ನುತ್ತಾರೆ. ಮುರಿದುಬಿದ್ದರೆ ಗುಮಾಸ್ತ ಮುರಿದ ಎನ್ನುತ್ತಾರೆ. ಅಮ್ಮ ಅವನಿಗೆ ಈರುಳ್ಳಿ ಇಲ್ಲದ ಸಾರು ಮಾಡುತ್ತಲೇ ಇರುತ್ತಾಳೆ, ಜೀವಮಾನವೆಲ್ಲ. ಅವನ ಋಣದಲ್ಲಿ ಸಿಗುವ ಖಾಯಂ ನನಗೆ ನುಂಗಲಾರದ ತುತ್ತಾಗಿತ್ತು.

"ಬಿಚ್ಚೋದು ಬೇಡ" ಎಂದೆ. "ನಾನು ಬೆರಳಚ್ಚು ಮಾಡ್ತೀನಿ."

ಯಜಮಾನ್ರು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ದೊಡ್ಡ ಮನ್ಸು ಕಣಪ್ಪಾ ನಿಂದು. ತಪ್ಪ್ ತಿಳ್ಕೊಂಡಿದ್ದೆ" ಎಂದರು. ಡ್ರೈವರು ಕೂಡ ತಲೆ ತಗ್ಗಿಸಿದ. ನಾಲ್ಕು ವರ್ಷದಲ್ಲಿ ನನ್ನನ್ನು ಅಷ್ಟು ಹೊಗಳಿದ್ದು ಅದೊಂದೇ ಸಲ, ಅದೂ ನನ್ನಲ್ಲಿ ಆಗ ಇಲ್ಲದ್ದಕ್ಕಾಗಿ. ತೂಕದವನನ್ನೂ ಕಾವಲುಗಾರನನ್ನೂ ಯಾರೂ ಏನೂ ಕೇಳಲಿಲ್ಲ. ಅವರ ಪಾಲಿಗೂ ನಾನೇ ಹೂಂ ಎಂದುಬಿಟ್ಟಿದ್ದೆ.

ಕೆಳಗಿಳಿದು ನಾಲ್ಕು ಹೆಸರುಗಳನ್ನು ಬೆರಳಚ್ಚು ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಮೇಲೆ ಮ್ಯಾನೇಜರ ದನಿ, ಯಜಮಾನ್ರ ದನಿ, ಅವನ ದನಿ, ಒಂದರ ಮೇಲೊಂದು. ಮಾತು ತಿಳಿಯಲಿಲ್ಲ. ಐದೂ ಐವತ್ತಕ್ಕೆ ಎಲ್ಲರೂ ಇಳಿದು ಬಂದರು. ಹಮಾಲಿಗಳು ಹಳೇಬೀಡಿನವನನ್ನು ಭುಜದ ಮೇಲೆ ಎತ್ತಿಕೊಂಡರು. ಅವನು ಇಳಿಸಿ ಇಳಿಸಿ ಎಂದು ಕೂಗುತ್ತಿದ್ದ. ಅವನ ಡಬ್ಬಿ ಮೇಲೇ ಉಳಿದಿತ್ತು. ಹೊತ್ತು ಮುಳುಗಿತು, ಅವನು ಅಂದು ಉಪವಾಸ.

ಮುಂದಿನ ಭಾನುವಾರ ಸಂಘದ ಸರ್ವಸದಸ್ಯರ ಸಭೆ. ಮೂರೂ ಶಾಖೆಯವರು ಬಂದಿದ್ದರು. ಅವನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದ. ಪಟ್ಟಿಯನ್ನು ಬುಡದಿಂದ ಓದಿದ್ದು, ಮೂವರಿಗೆ ಅನ್ಯಾಯವಾದದ್ದು, ಎಲ್ಲ. ಮೂವರ ಹತ್ತಿರವೂ ಒಬ್ಬೊಬ್ಬರಾಗಿ ಬಂದು ಕೈಮುಗಿದ. ತಾನು ಸಮಿತಿ ಬಿಡುತ್ತೇನೆ, ತನ್ನ ಜಾಗಕ್ಕೆ ಗುಮಾಸ್ತರನ್ನು ಹಾಕಿ ಎಂದ. ಇಂಥ ಮನುಷ್ಯನನ್ನು ಬಿಡುವುದುಂಟೇ ಎಂದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ಮನಸ್ಸಿನಲ್ಲೇ ಎಣಿಸಿದೆ, ಆ ಚಪ್ಪಾಳೆ ನಿಲ್ಲಲು ಎಷ್ಟು ಹೊತ್ತು ಹಿಡಿಯಿತೆಂದು. ಅನ್ಯಾಯವಾದದ್ದು ನನಗೆ. ಚಪ್ಪಾಳೆ ಅವನಿಗೆ. ತಪ್ಪು ಒಪ್ಪಿಕೊಳ್ಳುವ ಕೆಲಸದಲ್ಲೂ ಆ ಮನುಷ್ಯ ನನಗಿಂತ ಒಂದು ಮಾರು ಮುಂದೆ.

ಅಕ್ಟೋಬರಿನಲ್ಲಿ ಒಂಬತ್ತನೆಯ ಬ್ರೇಕು ಬಂತು. ತೂಕದವನಿಗೂ ಅದೇ ವಾರ ಬಂದಿತ್ತು. ಅವನನ್ನು ದಾರಿಯಲ್ಲಿ ಕಂಡಾಗ, "ಒಂದು ಮಾತು ನನ್ನನ್ನೂ ಕೇಳಬಹುದಿತ್ತಲ್ವಾ ನೀವು" ಎಂದ. ಆ ಹತ್ತು ದಿನ ನಾನು ಬೆಟ್ಟಕ್ಕೆ ಹೋಗಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಕೇಳಿದವರಿಗೆಲ್ಲ ಕೆಲಸದಿಂದ ಬಿಡಿಸಿದ್ದಾರೆ, ಹನ್ನೊಂದನೆಯ ದಿನ ಮತ್ತೆ ಸೇರಿಸಿಕೊಳ್ಳುತ್ತಾರೆ ಎಂದೇ ಹೇಳಿದೆ. ಅಮ್ಮ ಎರಡು ದಿನ ಮಾತು ಬಿಟ್ಟಳು.

ಮುಂದಿನ ಒಪ್ಪಂದ ೧೯೮೪ರಲ್ಲಿ ಆಯಿತು. ಅದರಲ್ಲಿ ನಾವು ಮೂವರೂ ಖಾಯಂ ಆದೆವು. ಸುದ್ದಿ ತಂದವನು ಅವನೇ, ಹಳೇಬೀಡಿನಿಂದ ಬಸ್ಸು ಹಿಡಿದು, ಬೇರೆ ಯಾರಾದರೂ ಮೊದಲು ಹೇಳಿಬಿಟ್ಟಾರೆಂದು ಬಸ್ ನಿಲ್ದಾಣದಿಂದ ಓಡಿ. ಅಮ್ಮ ಅವನಿಗೆ ಮೊದಲು ನೀರು ಕೊಟ್ಟು, ಆಮೇಲೆ ನನ್ನ ಕಡೆ ನೋಡಿ ಅತ್ತಳು. ಹಿರಿತನದ ಪಟ್ಟಿಯಲ್ಲಿ ಈಗ ನಾನು ಆ ನಾಲ್ವರು ಹಮಾಲಿಗಳ ಕೆಳಗಿದ್ದೇನೆ, ಮೂಟೆಯ ಮೇಲೆ ಊರಿನ ಹೆಸರು ಬರೆಯುವುದನ್ನು ನನ್ನಿಂದಲೇ ಕಲಿತವರು ಅವರು. ಅದರ ಬಗ್ಗೆ ನನಗೀಗ ಅಷ್ಟು ಉರಿಯಿಲ್ಲ.

ಉರಿ ಇರುವುದು ಬೇರೆ ಕಡೆ. ನಾನು ಬೆರಳಚ್ಚು ಮಾಡಲು ಕೆಳಗಿಳಿದ ಮೇಲೆ ಆ ಕೋಣೆಯಲ್ಲಿ ಅವರೆಲ್ಲ ಸುಮಾರು ಮುಕ್ಕಾಲು ಗಂಟೆ ಕೂತಿದ್ದರು. ಕೆಲಸ ಮುಗಿದಿತ್ತು, ಮ್ಯಾನೇಜರು ರೈಲಿಗೆ ಹೊರಡಬೇಕಿತ್ತು, ಆದರೂ ಕೂತಿದ್ದರು. ನನ್ನ ಬಗ್ಗೆ ಏನೋ ಮಾತಾಯಿತು, ಅಷ್ಟು ಮಾತ್ರ ಖಂಡಿತ. ಯಜಮಾನ್ರನ್ನು ಕೇಳಿದೆ, "ಅಂಥದ್ದೇನಿಲ್ಲ ಬಿಡಪ್ಪಾ" ಎಂದರು. ಡ್ರೈವರು ನಿದ್ದೆ ಬಂದಿತ್ತು ಎಂದ. ಹಳೇಬೀಡಿನವನನ್ನು ಮೂರು ಸಲ ಕೇಳಿದೆ. ಎಲ್ಲ ವಿಷಯಕ್ಕೂ ಬಾಯ್ತುಂಬ ಮಾತಾಡುವವನು ಇದೊಂದಕ್ಕೆ ಮಾತು ತಿರುಗಿಸುತ್ತಾನೆ. ನನ್ನ ಪರವಾಗಿ ಮತ್ತೊಮ್ಮೆ ಬೇಡಿದನೋ, ನನ್ನ ದೊಡ್ಡ ಮನಸ್ಸನ್ನು ಕೊಂಡಾಡಿದನೋ, ಅಥವಾ ನಾನು ಯಾಕೆ ಬೇಡವೆಂದೆ ಎಂಬುದನ್ನು ಅರಿತು ಸುಮ್ಮನಿದ್ದನೋ. ಆ ದಿನದ ಪುಟದಲ್ಲಿ ಅಷ್ಟು ಹೊತ್ತಿನ ಜಾಗ ಖಾಲಿ ಬಿಟ್ಟಿದ್ದೇನೆ.

ಮ್ಯಾನೇಜರ ಜೊತೆ ಕೇಂದ್ರ ಕಚೇರಿಯಿಂದ ಇನ್ನೊಬ್ಬರು ಬಂದಿದ್ದರಲ್ಲ, ಕಿಟಕಿಯ ಪಕ್ಕ ಕೂತು ಕಡತ ಹಿಡಿದುಕೊಂಡಿದ್ದವರು. ಅವರು ಇದನ್ನು ಓದುವುದಾದರೆ, ಅಥವಾ ಉಪ್ಪಿಟ್ಟಿನ ತಟ್ಟೆ ತೆಗೆಯಲು ಹೋಟೆಲಿನಿಂದ ಮೇಲೆ ಹೋಗಿದ್ದವರು ಯಾರಾದರೂ ಓದುವುದಾದರೆ, ಅಲ್ಲಿ ಏನು ಮಾತಾಯಿತೆಂದು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ನನಗೆ ಹಿತವಾದ ಮಾತೇ ಆಗಿರಬೇಕೆಂದಿಲ್ಲ. ಆಡಿದ್ದನ್ನು ಆಡಿದ ಹಾಗೆ ಬರೆದರೆ ಸಾಕು.